ಸಂತೆಕಟ್ಟೆಯ ಪಾಲಿಶ್ ಶೆಡ್: ಅಪ್ಪನ ಮಾರುತಿಗೆ ಕೆಂಪು ಮರಳಿತು

ನಮ್ಮ ಮನೆಯಲ್ಲಿ ಅಪ್ಪ ತೆಗೆದ 1999ರ ಮಾರುತಿ 800 ಉಂಟು. ಕೆಎ 20, ಕೆಂಪು ಬಣ್ಣ. 2024ರಲ್ಲಿ ಮೂರನೇ ಸಲ ಆರ್‌ಸಿ ನವೀಕರಿಸಿದೆವು. ಇಂಜಿನ್ ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗ್ತದೆ. ಬಣ್ಣ ಮಾತ್ರ ನೋಡಲಾಗುತ್ತಿರಲಿಲ್ಲ. ಬಾನೆಟ್, ಟಾಪ್ ಎರಡೂ ಬಿಳಿಚಿ, ಸವರಿದರೆ ಕೈಗೆ ಪುಡಿ ಹತ್ತುತ್ತಿತ್ತು. ಕಡಲ ಗಾಳಿ, ಬಿಸಿಲು, ಸಾಲದ್ದಕ್ಕೆ ಅಂಗಳದ ಹಲಸಿನ ಮರದಡಿಯೇ ಅದರ ಜಾಗ.

ಮೊದಲೊಮ್ಮೆ ಮಂಗಳೂರಿನ ಒಂದು ಕಡೆ 1,500 ರೂಪಾಯಿ ಕೊಟ್ಟು ಪಾಲಿಶ್ ಮಾಡಿಸಿದ್ದೆ. ತೊಳೆದು, ಎಣ್ಣೆಯಂಥದ್ದೇನೋ ಸವರಿ ಕೊಟ್ಟರು. ಮನೆಗೆ ಬರುವಾಗ ಮಿರಮಿರ ಮಿಂಚುತ್ತಿತ್ತು. ಎರಡು ಮಳೆ ಬಿದ್ದದ್ದೇ, ಮತ್ತೆ ಅದೇ ಬಿಳಿಚು. ತುಂಬ ಬೇಜಾರಾಗಿತ್ತು.

ಈ ಸಲ ಮಳೆಗಾಲ ಮುಗಿದ ಮೇಲೆ ಉಡುಪಿಯ ಸಂತೆಕಟ್ಟೆ ಹತ್ತಿರ ಹೆದ್ದಾರಿ 66ರ ಪಕ್ಕದ ತಗಡಿನ ಶೆಡ್ಡಿಗೆ ಹೋದೆ. ಬೋರ್ಡಿನಲ್ಲಿ ಹೆಸರಿಲ್ಲ, ‘ರಬ್ಬಿಂಗ್, ಪಾಲಿಶ್’ ಎಂದಷ್ಟೇ. ಕೆಲಸ ಮಾಡುವವರು ಇಬ್ಬರೇ. ಹಿರಿಯವರು ರೇಟು ಹೇಳುವ ಮೊದಲು ಬಿಳಿ ಬಟ್ಟೆಗೆ ಚೂರು ಕಾಂಪೌಂಡ್ (ಬಣ್ಣ ಉಜ್ಜುವ ಪೇಸ್ಟ್) ಹಾಕಿ ಬಾನೆಟ್ಟಿನ ಒಂದು ಅಂಗೈಯಗಲ ಉಜ್ಜಿದರು. ಬಟ್ಟೆ ಕುಂಕುಮ ಒರೆಸಿದ ಹಾಗೆ ಕೆಂಪಾಯ್ತು.

“ನೋಡಿ ಅಕ್ಕ, ಬಟ್ಟೆಗೆ ಬಣ್ಣವೇ ಬಂತಲ್ಲ, ಇದಕ್ಕೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇಲ್ಲ. ಮೇಲಿನ ಸತ್ತ ಪದರ ತೆಗೆದರೆ ಅಡಿಯಲ್ಲಿ ಒಳ್ಳೆ ಕೆಂಪು ಉಂಟು,” ಎಂದರು. ಉಜ್ಜಿದ ಜಾಗ ಆಗಲೇ ಗಾಢವಾಗಿ ಕಾಣುತ್ತಿತ್ತು. ಮೆಟಾಲಿಕ್ ಕಾರುಗಳಲ್ಲಿ ಕ್ಲಿಯರ್ ಕೋಟೇ ಸಿಪ್ಪೆ ಎದ್ದಿದ್ದರೆ ಪಾಲಿಶ್‌ನಿಂದ ಪ್ರಯೋಜನವಿಲ್ಲ, ಪೇಂಟೇ ಹೊಡೆಸಬೇಕು ಎಂದೂ ಹೇಳಿದರು. ಅಂಥ ಒಂದು ಕಾರನ್ನು ನನ್ನೆದುರೇ ವಾಪಸು ಕಳುಹಿಸಿದರು. ಅಲ್ಲೇ ನನಗೆ ನಂಬಿಕೆ ಬಂತು.

ತೊಳೆದಾದ ಮೇಲೆ ಹಲಸಿನ ಮಯಣ ಅಂಟಿದಲ್ಲಿಗೆಲ್ಲ ತೆಂಗಿನೆಣ್ಣೆ ಹಚ್ಚಿ ಬಿಟ್ಟರು, ಬ್ಲೇಡು ಮುಟ್ಟಲಿಲ್ಲ. ಆಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾಗಿಲ ಮೇಲೆ ಸವರಲು ಹೇಳಿದರು. ಬರಿಗೈಗೆ ನುಣುಪು ಅನ್ನಿಸಿದ್ದು ಕವರಿನೊಳಗಿಂದ ಮರಳು ಮರಳು. ಸೋಪುನೀರು ಹಾಕಿ ಕ್ಲೇ (ಅಂಟಿದ ಕಸ ಎತ್ತುವ, ಜೇಡಿಮಣ್ಣಿನಂಥ ಮುದ್ದೆ) ಉಜ್ಜಿದ ಮೇಲೆ ಅದೇ ಜಾಗದಲ್ಲಿ ಕೈ ಜಾರಿಹೋಯ್ತು! ಕಾಂಪೌಂಡ್ ಹಾಕುವುದು ಅದಾದ ಮೇಲೆಯೇ. ಇಲ್ಲದಿದ್ದರೆ ಆ ಕಸವೆಲ್ಲ ಪ್ಯಾಡಿಗೆ ಸಿಕ್ಕಿ ಹೊಸ ಗೀರು ಬೀಳ್ತದಂತೆ. ಕೊನೆಗೆ ಸಣ್ಣ ಪಾಲಿಶ್, ಅದರ ಮೇಲೆ ವ್ಯಾಕ್ಸ್.

ಎಡಬಾಗಿಲಲ್ಲಿ ಒಂದು ಉದ್ದ ಗೀರು ಉಂಟು, ನಾನು ಡ್ರೈವಿಂಗ್ ಕಲಿಯುವಾಗ ಗೇಟಿಗೆ ತಾಗಿದ್ದು. ಅದನ್ನೂ ತೆಗೆಯಿರಿ ಎಂದೆ. ಅವರು ಉಗುರು ಅಡ್ಡ ಎಳೆದು ನೋಡಿದರು, ಸಿಕ್ಕಿಕೊಂಡಿತು. “ಇದು ಹೋಗುವಷ್ಟು ಉಜ್ಜಿದರೆ ಸುತ್ತಲಿನ ಬಣ್ಣವೂ ಹೋಗ್ತದೆ, ಬೇಡ ಅಕ್ಕ.” ಬಾನೆಟ್ಟಿನ ಅಂಚಿಗೂ ಟೇಪ್ ಹಚ್ಚಿ ಮಿಷನ್ ತಾಗಿಸಲಿಲ್ಲ, ಅಲ್ಲಿ ಬಣ್ಣ ತೆಳು. ಅಲ್ಲೆಲ್ಲ ಕೈಯಲ್ಲೇ ಕೆಲಸ. ಇಪ್ಪತ್ತೈದು ವರ್ಷ ದಾಟಿದ ಬಣ್ಣವನ್ನು ಇಷ್ಟು ಜೋಪಾನವಾಗಿ ನೋಡಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು.

ಕೊರತೆ ಇಲ್ಲವೆಂದಲ್ಲ. ಒಂದು ದಿನ ಎಂದದ್ದು ಎರಡು ದಿನವಾಯ್ತು. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗಿನಲ್ಲಿ ಕಾಂಪೌಂಡಿನ ಬಿಳಿ ಉಳಿದಿತ್ತು, ಮನೆಯಲ್ಲಿ ಹಳೆ ಟೂತ್‌ಬ್ರಶ್‌ನಲ್ಲಿ ತೆಗೆದೆ. ಕಾದು ಕೂರಲು ಜಾಗವಿಲ್ಲ. ಒಟ್ಟು 2,800 ರೂಪಾಯಿ. ಆ ಕೆಲಸಕ್ಕೆ ಹೆಚ್ಚೇನಲ್ಲ.

ಅಪ್ಪ ಅಂಗಳಕ್ಕೆ ಇಳಿದು, ಏನೂ ಹೇಳದೆ, ಕಾರಿಗೆ ಒಂದು ಸುತ್ತು ಬಂದರು. ಮತ್ತೆ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಇನ್ನೊಂದು ಸುತ್ತು.

ಈಗ ಕಾರು ಹಲಸಿನ ಮರದಡಿ ಇಲ್ಲ. ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಾಕಲು ಹೇಳಿದ್ದಾರೆ, ಹಾಕುತ್ತಿದ್ದೇನೆ. ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೆ ಕಾಂಪೌಂಡ್ ಒಣಗಿ ಹಿಡಿದುಕೊಳ್ಳುವುದರಿಂದ, ಅದು ತಣಿಯುವವರೆಗೆ ಅವರು ಕೆಲಸಕ್ಕೆ ಕೈ ಹಾಕುವುದಿಲ್ಲ.