ಎಂಟು ಪಂದ್ಯದ ಬಾಡಿಗೆ ಡಿಫೆಂಡರ್: ಐದಕ್ಕೆ ನಾಲ್ಕೂವರೆ ಸ್ಟಾರ್

ಫುಟ್‌ಬಾಲ್‌ನಲ್ಲಿ ಲೋನ್ (ಒಂದು ಕ್ಲಬ್ ತನ್ನ ಆಟಗಾರನನ್ನು ಸ್ವಲ್ಪ ಕಾಲ ಇನ್ನೊಂದು ಕ್ಲಬ್‌ಗೆ ಬಾಡಿಗೆಗೆ ಕೊಡೋದು) ಅನ್ನೋದೂ ಒಂದು ಸರ್ವಿಸ್ ತಾನೇ, ಅದಕ್ಕೂ ಸ್ಟಾರ್ ಕೊಡಬಹುದು ಅಲ್ವಾ? 2017ರ ಜನವರಿ 31ರಂದು ಲಿವರ್‌ಪೂಲ್‌ನಿಂದ ಕ್ರಿಸ್ಟಲ್ ಪ್ಯಾಲೇಸ್‌ಗೆ ಬಂದ ಮಮದು ಸಾಖೊ ಲೋನ್‌ಗೆ ಇದು ನನ್ನ ರಿವ್ಯೂ.

ಮೊದಲು ಗಿರಾಕಿಯ ಪಾಡು ಕೇಳಿ. ಫೆಬ್ರವರಿ 4ರಂದು ಪ್ಯಾಲೇಸ್ ತನ್ನದೇ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ, ಟೇಬಲ್‌ನ ತಳದಲ್ಲಿ ಬಿದ್ದಿದ್ದ ಸಂಡರ್‌ಲ್ಯಾಂಡ್ ಕೈಲಿ 4-0 ಸೋತಿತು, ಅದೂ ನಾಲ್ಕು ಗೋಲು ಮೊದಲ ಅರ್ಧದಲ್ಲೇ. ಸಾಖೊ ಅವತ್ತು ಆಡಿರಲಿಲ್ಲ. ಅವನ ಪಾಡೂ ಅಷ್ಟಕ್ಕಷ್ಟೇ. ಹಿಂದಿನ ಬೇಸಿಗೆಯಲ್ಲಿ ಆಗಿನ ಲಿವರ್‌ಪೂಲ್ ಕೋಚ್ ಕ್ಲಾಪ್ ಅಮೆರಿಕ ಪ್ರವಾಸದಿಂದ ಅವನನ್ನು ವಾಪಸ್ ಕಳಿಸಿದ್ದರು, ಆಮೇಲೆ ಮೊದಲ ತಂಡದಲ್ಲಿ ಒಂದೂ ಪಂದ್ಯ ಸಿಕ್ಕಿರಲಿಲ್ಲ.

ಫೆಬ್ರವರಿ 25ಕ್ಕೆ ಅವನನ್ನು ಇಳಿಸಿದರು. ಮಿಡಲ್ಸ್‌ಬರೊ 1-0, ವೆಸ್ಟ್ ಬ್ರೋಮ್ 2-0, ವಾಟ್‌ಫರ್ಡ್ 1-0. ಮೂರೂ ಗೆಲುವು, ಒಂದೂ ಗೋಲು ಬಿಡಲಿಲ್ಲ.

ನೋಡೋಕೆ ಮಾತ್ರ ಚಂದ ಇಲ್ಲ ಮಾರಾಯ್ರೆ. ಎರಡು ಕಾಲಿಗೂ ಪರಸ್ಪರ ಪರಿಚಯವೇ ಇಲ್ಲದ ಹಾಗೆ ಓಡುತ್ತಾನೆ. ಚೆಂಡು ಅವನ ಹತ್ತಿರ ಬಂದಾಗಲೆಲ್ಲ ಇನ್ನೇನು ಹೋಯ್ತು ಅಂತ ನಾವು ತಲೆ ಮೇಲೆ ಕೈ ಇಡುವಷ್ಟರಲ್ಲಿ ಎಡಗಾಲಲ್ಲಿ ಎದುರಾಳಿಗಳ ನಡುವೆ ತೂರಿಸಿ ಪಾಸ್ ಕೊಟ್ಟಾಗಿರುತ್ತದೆ. ಏಪ್ರಿಲ್ 1ರ ಚೆಲ್ಸಿ ಪಂದ್ಯ ಪೂರ್ತಿ ನೋಡಿ. ಚೆಲ್ಸಿಯ ಫಾಬ್ರಿಗಾಸ್ 5ನೇ ನಿಮಿಷಕ್ಕೆ ಗೋಲು ಹೊಡೆದ, 11ನೇ ನಿಮಿಷದೊಳಗೆ ಪ್ಯಾಲೇಸ್‌ನ ಝಾಹಾ, ಬೆಂಟೆಕೆ ಎರಡು ಹೊಡೆದು ತಿರುಗಿಸಿದರು, ಮಿಕ್ಕ ಹೊತ್ತೆಲ್ಲ ಆ ವರ್ಷದ ಚಾಂಪಿಯನ್ನರನ್ನು ಅವರದೇ ಮೈದಾನದಲ್ಲಿ ತಡೆದು ನಿಲ್ಲಿಸೋ ಕೆಲಸ. 2-1! ಒಂಬತ್ತು ದಿನ ಬಿಟ್ಟು ಆರ್ಸೆನಲ್ ವಿರುದ್ಧ 3-0 ಗೆಲುವು.

ಎಲ್ಲ ಅವನೊಬ್ಬನಿಂದಲೇ ಆಯ್ತು ಅಂತ ಸುಮ್ನೆ ಹೊಗಳಲ್ಲ. ಅದೇ ಜನವರಿಯಲ್ಲಿ ವಾನ್ ಆನ್‌ಹೋಲ್ಟ್, ಮಿಲಿವೊಯೆವಿಚ್ ಕೂಡ ಬಂದಿದ್ದರು, ಮಿಡಲ್ಸ್‌ಬರೊ ವಿರುದ್ಧದ ಗೋಲು ವಾನ್ ಆನ್‌ಹೋಲ್ಟ್‌ದೇ. ಸೌತಾಂಪ್ಟನ್‌ನಲ್ಲಿ 3-1 ಸೋತಾಗ ಸಾಖೊ ಇದ್ದ. ಲೆಸ್ಟರ್ ಜೊತೆ 2-2 ಆದಾಗಲೂ ಇದ್ದ. ಆದರೂ ಎಂಟರಲ್ಲಿ ಐದು ಗೆಲುವು, ನಾಲ್ಕು ಕ್ಲೀನ್ ಶೀಟ್ (ಒಂದೂ ಗೋಲು ಬಿಡದ ಪಂದ್ಯ). ಮುಳುಗುತ್ತಿದ್ದ ತಂಡಕ್ಕೆ ಇನ್ನೇನು ಬೇಕು?

ಅರ್ಧ ಸ್ಟಾರ್ ಕಟ್ ಮಾಡಿದ್ದು ಎರಡು ಕಾರಣಕ್ಕೆ. ಪ್ರೀಮಿಯರ್ ಲೀಗ್‌ನಲ್ಲಿ ಲೋನ್ ಆಟಗಾರ ತನ್ನ ಮೂಲ ಕ್ಲಬ್ ವಿರುದ್ಧ ಆಡುವಂತಿಲ್ಲ, ಹಾಗಾಗಿ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನ ಪಂದ್ಯಕ್ಕೆ ಅವನಿಲ್ಲ (ಪ್ಯಾಲೇಸ್ ಅಲ್ಲೂ 2-1 ಗೆದ್ದಿತು, ಅದು ಬೇರೆ ಮಾತು). ಇನ್ನೊಂದು, ಮೊಣಕಾಲು. ಏಪ್ರಿಲ್ 26ರಂದು ಟಾಟನ್‌ಹ್ಯಾಮ್ ವಿರುದ್ಧ ಪೆಟ್ಟಾಗಿ ಹೊರಗೆ ಹೋದವನು ಆ ಸೀಸನ್‌ನಲ್ಲಿ ಮತ್ತೆ ಇಳಿಯಲಿಲ್ಲ. ಅಷ್ಟೊತ್ತಿಗೆ ಕೆಲಸ ಹೆಚ್ಚುಕಮ್ಮಿ ಮುಗಿದಿತ್ತು. ಪ್ಯಾಲೇಸ್ 41 ಪಾಯಿಂಟ್‌ನಲ್ಲಿ 14ನೇ ಸ್ಥಾನಕ್ಕೆ ನಿಂತಿತು.

ಈ ಸ್ಟಾರ್ ಬಾಡಿಗೆಗೆ ಮಾತ್ರ. ಆಗಸ್ಟ್‌ನಲ್ಲಿ ಅವನನ್ನು ಪೂರ್ತಿಯಾಗಿ ಕೊಂಡುಕೊಂಡರು, ಸುದ್ದಿಯಲ್ಲಿ ಬಂದ ಬೆಲೆ 2.6 ಕೋಟಿ ಪೌಂಡ್. ಅದಕ್ಕೆ ರಿವ್ಯೂ ಬರೆದರೆ ಮೊಣಕಾಲಿನ ಕಥೆಯೇ ಜಾಸ್ತಿ ಆಗುತ್ತದೆ.