ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್, ಮಿಂಟ್, ಆಂಟಿಎಕ್ಸ್: ವೈಫೈ ಕಂಡಿದ್ದು ಯಾವುದರಲ್ಲಿ?

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಬೆಂಬಲ ನಿಂತಿತು. ಅಲ್ಲಿಂದ ತುಮಕೂರಿನ ನೆಂಟರೆಲ್ಲ ಅಟ್ಟದ ಮೇಲಿನ ಲ್ಯಾಪ್‌ಟಾಪ್ ಇಳಿಸಿ, ವಿಂಡೋಸ್ ಬದಲಿಗೆ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಹಾಕಿಕೊಡು ಅನ್ನುತ್ತಿದ್ದಾರೆ. ಡೆಬಿಯನ್, ಮಿಂಟ್, ಆಂಟಿಎಕ್ಸ್ ಎಲ್ಲ ಅದರ ಬೇರೆ ಬೇರೆ ರೂಪಗಳು, ಡಿಸ್ಟ್ರೋ ಅನ್ನುತ್ತಾರೆ. ಹಾಕುವುದು ಸುಲಭ. ಹಾಕಿದ ಮೇಲೆ ವೈಫೈ ಕಾಣಿಸದಿದ್ದರೆ ಆಮೇಲಿದೆ ಕೆಲಸ.

ನನ್ನ ಮುಂದೆ ಇದ್ದದ್ದು ಎರಡು. ಕ್ಯಾತ್ಸಂದ್ರದಲ್ಲಿ ಭಾವನ ಝೆರಾಕ್ಸ್ ಅಂಗಡಿಯ ಕೋರ್ 2 ಡ್ಯುಯೋ, 4 ಜಿಬಿ ರ‍್ಯಾಮ್. ಇನ್ನೊಂದು ಪಕ್ಕದ ಮನೆಯವರ ಪುಟ್ಟ ನೆಟ್‌ಬುಕ್: ಆಟಮ್ ಎನ್270, 1 ಜಿಬಿ.

ಮೊದಲು ಅಂಗಡಿಯದಕ್ಕೆ ಡೆಬಿಯನ್ 12. 2023ರ ಜೂನ್‌ನಲ್ಲಿ ಬಂದ ಈ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರ್ (ವೈಫೈ ಕಾರ್ಡ್‌ನಂಥ ಭಾಗಗಳ ಒಳಗೇ ಓಡುವ ತಂತ್ರಾಂಶ) ಕೂಡ ಇನ್‌ಸ್ಟಾಲರ್ ಜೊತೆಗೇ ಸಿಗುತ್ತದೆ. ಆದರೂ ಅಂಗಡಿಯ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರಲಿಲ್ಲ. ಅದರಲ್ಲಿದ್ದದ್ದು ಬ್ರಾಡ್‌ಕಾಮ್ ಬಿಸಿಎಂ4312 ವೈಫೈ ಕಾರ್ಡ್. ಇದಕ್ಕೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಬಿ43 ಎಂಬ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇದೆ, ಆದರೆ ಫರ್ಮ್‌ವೇರ್ ಹಂಚಲು ಅನುಮತಿ ಇಲ್ಲದ್ದರಿಂದ ಡೆಬಿಯನ್ ಅದನ್ನು ಸೇರಿಸುವಂತಿಲ್ಲ. ಅದನ್ನು ಹಾಕುವ ಪ್ಯಾಕೇಜ್ ಇದೆ, ಅದೂ ಫರ್ಮ್‌ವೇರನ್ನು ನೆಟ್‌ನಿಂದಲೇ ಇಳಿಸುತ್ತದೆ. ನೆಟ್ ಬರಲು ನೆಟ್ ಬೇಕು! ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದೆ. ಲಿನಕ್ಸ್‌ಗೆ ಅದು ತಂತಿ ನೆಟ್‌ವರ್ಕ್ ಕಾರ್ಡ್‌ನಂತೆ ಕಂಡಿತು. ಆಮೇಲೆ ಎಲ್ಲ ಸಲೀಸು.

ಅದೇ ಯಂತ್ರದಲ್ಲಿ ಮಿಂಟ್ ಎಕ್ಸ್‌ಎಫ್‌ಸಿಇ ನೆಟ್ ಕೇಳಲೇ ಇಲ್ಲ. ಡ್ರೈವರ್ ಮ್ಯಾನೇಜರ್ ತೆರೆದರೆ, ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್‌ನಲ್ಲೇ ಬ್ರಾಡ್‌ಕಾಮ್ ಡ್ರೈವರ್ ಇತ್ತು. ಕ್ಲಿಕ್, ರೀಸ್ಟಾರ್ಟ್, ವೈಫೈ ಬಂತು. ಭಾವನಂಥವರಿಗೆ ಇದೇ ಸರಿ ಅನ್ನಿಸಿತು. ಆದರೆ ಮಿಂಟ್‌ಗೆ ಕಡಿಮೆ ಎಂದರೂ 2 ಜಿಬಿ ರ‍್ಯಾಮ್ ಬೇಕು, 4 ಇದ್ದರೆ ನೆಮ್ಮದಿ. 2020ರ ಮಿಂಟ್ 20ರಿಂದ ಮುಖ್ಯ ಆವೃತ್ತಿಯಲ್ಲಿ 32 ಬಿಟ್ ಇಲ್ಲ. ಎನ್270 ಬರೀ 32 ಬಿಟ್ ಪ್ರೊಸೆಸರ್, ಆದ್ದರಿಂದ ನೆಟ್‌ಬುಕ್‌ಗೆ ಇದರ ಮಾತೇ ಬೇಡ. ಡೆಬಿಯನ್ 13 ಕೂಡ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡುವುದಿಲ್ಲ.

ನೆಟ್‌ಬುಕ್‌ಗೆ ಆಂಟಿಎಕ್ಸ್ 23ರ 32 ಬಿಟ್ ಹಾಕಿದೆ. ಬೂಟ್ ಆದ ಕೂಡಲೇ ವೈಫೈ ಸಿಕ್ಕಿತು. ಹೊಗಳಿಕೆ ಮಾತ್ರ ಆಂಟಿಎಕ್ಸ್‌ಗೆ ಸಲ್ಲಬೇಕಿಲ್ಲ: ಒಳಗಿದ್ದದ್ದು ಹಳೇ ಅಥೆರಾಸ್ ಕಾರ್ಡ್, ಅದರ ಎಟಿಎಚ್5ಕೆ ಡ್ರೈವರ್‌ಗೆ ಬೇರೆ ಫರ್ಮ್‌ವೇರ್ ಬೇಕಾಗಿಲ್ಲ. ನೋಟ ಮಾತ್ರ ತುಂಬಾ ಹಳೇದು. 1 ಜಿಬಿಯಲ್ಲಿ ಓಡುತ್ತಲ್ಲ, ಅಷ್ಟು ಸಾಕು.

ಲ್ಯಾಪ್‌ಟಾಪ್‌ನ ಮಾಡೆಲ್ ನಂಬರ್ ನೋಡಿ ಡಿಸ್ಟ್ರೋ ಆರಿಸಬೇಡಿ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಕಾರ್ಡ್ ಇರುವುದುಂಟು. ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವ್‌ನಲ್ಲಿ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ lspci -nnk ಎಂದು ಕೊಡಿ. ವೈಫೈ ಸಾಲಿನ ಕೆಳಗೆ ಬಳಕೆಯಲ್ಲಿರುವ ಡ್ರೈವರ್‌ನ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಬ್ರಾಕೆಟ್‌ನಲ್ಲಿರುವ ಸಂಖ್ಯೆಯನ್ನು ಹುಡುಕಿ. ಅಂಗಡಿಯದರಲ್ಲಿ 14e4:4315 ಎಂದಿತ್ತು. ಡ್ರೈವರ್ ಇದ್ದೂ ವೈಫೈ ಇಲ್ಲವೆಂದರೆ rfkill list ಎಂದು ಕೊಡಿ. Hard blocked: yes ಎಂದು ಬಂದರೆ ಲ್ಯಾಪ್‌ಟಾಪ್‌ನ ಪಕ್ಕದ ಪುಟ್ಟ ಸ್ವಿಚ್ ಒಮ್ಮೆ ನೋಡಿ. ಅದು ಆಫ್ ಆಗಿದ್ದರೆ ಯಾವ ಡ್ರೈವರ್ ಹಾಕಿದರೂ ಸುಮ್ನೆ.

ಅಂಗಡಿಯಲ್ಲಿ ಕೊನೆಗೆ ಉಳಿದದ್ದು ಮಿಂಟ್. ಆದರೆ ಅದು ಹಾಕಿದ ಬ್ರಾಡ್‌ಕಾಮ್ ಡ್ರೈವರ್ ಕರ್ನಲ್ ಹೊರಗಿನದು, ಪ್ರತಿ ಹೊಸ ಕರ್ನಲ್‌ಗೂ ಅದು ಮತ್ತೆ ಕಂಪೈಲ್ ಆಗಬೇಕು. ಎಲ್ಲಾದರೂ ಎಡವಿದರೆ ವೈಫೈ ಹೋಗುತ್ತದೆ. ಬಿ43ಗೆ ಈ ತಾಪತ್ರಯ ಇಲ್ಲ, ಹಾಗಾಗಿ ನನ್ನ ಸ್ವಂತಕ್ಕೆ ಡೆಬಿಯನ್ನೇ. ಭಾವನಿಗೆ ಮಾತ್ರ ಹಳೇ ಕರ್ನಲ್ ತೆಗೆಯಬೇಡಿ, ಬೂಟ್ ಮೆನುವಿನಲ್ಲಿ ಅದೂ ಇರಲಿ ಎಂದು ಹೇಳಿ ಬಂದಿದ್ದೇನೆ.