ಆಫ್‌ಸೆಟ್ಟೋ ಡಿಜಿಟಲ್ಲೋ?

ಆಫ್‌ಸೆಟ್, ಡಿಜಿಟಲ್ ಎರಡೂ ಮುದ್ರಣದ ವಿಧಾನಗಳು. ಯಾವುದು ಸರಿ ಅಂತ ಪ್ರೆಸ್ಸಿಗೆ ಹೋದ ಕೂಡಲೇ ಅವರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಪ್ರತಿ ಬೇಕು?’ ಉತ್ತರ ಅಲ್ಲೇ ಅರ್ಧ ಸಿಕ್ಕಂತೆ.

ಆಫ್‌ಸೆಟ್‌ನಲ್ಲಿ ಪ್ಲೇಟ್, ಅಂದರೆ ಮುದ್ರಿಸಬೇಕಾದ್ದನ್ನು ಮೂಡಿಸಿದ ತೆಳು ಹಾಳೆ, ಮಾಡಬೇಕು. ಬಣ್ಣದ ಕೆಲಸಕ್ಕೆ ಸಾಮಾನ್ಯವಾಗಿ ನಾಲ್ಕು ಪ್ಲೇಟ್: ಸಯಾನ್, ಮಜೆಂಟಾ, ಹಳದಿ, ಕಪ್ಪು. ಶಾಯಿ ಪ್ಲೇಟಿನಿಂದ ರಬ್ಬರ್ ಹೊದಿಕೆಗೆ, ಅಲ್ಲಿಂದ ಕಾಗದಕ್ಕೆ. ಈ ತಯಾರಿಯ ಖರ್ಚು ನೂರು ಪ್ರತಿಗೂ ಅಷ್ಟೇ, ಹತ್ತು ಸಾವಿರಕ್ಕೂ ಅಷ್ಟೇ. ಹಾಗಾಗಿ ಜಾಸ್ತಿ ಪ್ರತಿ ಹಾಕಿಸಿದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ. ಸಂಸ್ಥೆಯ ಲೋಗೊ ಬಣ್ಣ ಒಂಚೂರೂ ಬದಲಾಗಬಾರದು ಅಂದರೆ ಸ್ಪಾಟ್ ಕಲರ್, ಅಂದರೆ ಮೊದಲೇ ಬೆರೆಸಿಟ್ಟ ಶಾಯಿ, ಬಳಸಬಹುದು.

ಡಿಜಿಟಲ್‌ಗೆ ಪ್ಲೇಟೇ ಬೇಡ. ಫೈಲ್ ಕೊಟ್ಟರೆ ಮುದ್ರಣ ಶುರು. ಐವತ್ತು ಪ್ರತಿಗೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತೇನೆ. ಪ್ರತಿ ಹಾಳೆಯಲ್ಲೂ ಬೇರೆ ಹೆಸರು ಹಾಕಬೇಕಾದರೂ ಇದೇ ಸರಿ. ಆದರೆ ಟೋನರ್, ಅಂದರೆ ಬಣ್ಣದ ಪುಡಿಯ, ಮುದ್ರಣವಾದರೆ ದಪ್ಪ ಕಾಗದ ಮಡಿಸಿದಲ್ಲಿ ಬಣ್ಣ ಬಿರಿಯಬಹುದು.

ಬೈಂಡಿಂಗ್ ವಿಷಯ ಸುಲಭ. ತೆಳು ಪುಸ್ತಿಕೆಗೆ ಸೆಂಟರ್ ಪಿನ್, ಅಂದರೆ ನಡುವಿನ ಮಡಿಕೆಗೆ ಹೊಡೆಯುವ ಪಿನ್, ಸಾಕು, ಪುಟಗಳು ಮಾತ್ರ ನಾಲ್ಕರ ಲೆಕ್ಕದಲ್ಲಿರಲಿ. ದಪ್ಪ ಪುಸ್ತಕಕ್ಕೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್. ಹೆಸರು ಪರ್ಫೆಕ್ಟ್, ಆದರೆ ಪೂರ್ತಿ ಬಿಡಿಸಿಟ್ಟು ಓದೋಕೆ ಆಗಲ್ಲ!

ಯಾವುದನ್ನೇ ಆರಿಸಿ, ಬ್ಲೀಡ್ ಇರಲೇಬೇಕು. ಅಂದರೆ ಹಿನ್ನೆಲೆ ಬಣ್ಣ ಕತ್ತರಿಸುವ ಅಂಚಿನಾಚೆ 3 ಮಿ.ಮೀ. ಚಾಚಿರಲಿ. ಇಲ್ಲದಿದ್ದರೆ ಕತ್ತರಿಸುವಾಗ ಚೂರು ಆಚೀಚೆಯಾದರೂ ಬಿಳಿ ಗೆರೆ ಇಣುಕುತ್ತದೆ. ನಾನೂ ಒಮ್ಮೆ ಹೀಗೇ ಇಡೀ ಕಟ್ಟು ಹಾಳು ಮಾಡಿಕೊಂಡಿದ್ದೇನೆ.